ಅಪಾಯ: ಒಂದು

ಮಾಲ್ ಮುಚ್ಚಿದ ಮೇಲೆ, ರಾತ್ರಿ ಎರಡಕ್ಕೆ,
ಚಾವಣಿಯ ನಳಿಗೆಗಳಿಂದ ಹಿಮ ಬೀಳಲು ಶುರು.
ಹೊರಗೆ ದುಬೈ, ಬೇಸಗೆಯಲ್ಲಿ ನಲವತ್ತೆಂಟು,
ಈಗ ಫೆಬ್ರವರಿಯಲ್ಲಿ ಇಪ್ಪತ್ತು;
ಒಳಗೆ ಯಾವಾಗಲೂ ಮೈನಸ್ ಆರು.
ನಾನು ಬಾಡಿಗೆ ಕೋಟುಗಳ ಕೌಂಟರಿನವಳು,
ಒದ್ದೆ ಕೈಗವಸುಗಳಿಗೆ ಜೋಡಿ ಹುಡುಕಿ ಒಣಹಾಕುವವಳು.

ನಮ್ಮ ಕುಮಟೆಯಲ್ಲಿ ಮಂಜು ಅಂದರೆ
ಬಿಸಿಲು ಬಂದೊಡನೆ ಎದ್ದುಹೋಗುವ ಅತಿಥಿ.
ಹಿಮ ಅಂದರೆ ಐದನೇ ಕ್ಲಾಸಿನ ಭೂಗೋಳ, ಎರಡು ಮಾರ್ಕು.
ನಜೀರ್ ಖಟಾಣನಿಗೆ ಹಾಗಲ್ಲ.
ಗುಲ್ಮಾರ್ಗದಲ್ಲಿ ಹನ್ನೊಂದು ಚಳಿಗಾಲ ಇಳಿಜಾರು ಕಾಯ್ದವನು
ಇಲ್ಲಿ ಬಿದ್ದ ಮಕ್ಕಳನ್ನು ಎತ್ತಿ ನಿಲ್ಲಿಸುತ್ತಾನೆ, ಮೂಗು ಒರೆಸುತ್ತಾನೆ.
ಸಿಬ್ಬಂದಿ ಕೋಣೆಯ ಬಿಳಿ ಹಲಗೆಯ ಮೂಲೆಯಲ್ಲಿ
ದಿನಾ ಬರೆಯುತ್ತಾನೆ: ‘ಹಿಮಕುಸಿತದ ಅಪಾಯ: ಒಂದು.’
ಐದರಲ್ಲಿ ಒಂದು. ಮ್ಯಾನೇಜರ್ ರೊವೆನಾ ದಿನಾ ನಗುತ್ತಾಳೆ,
ದಿನಾ ಅದೇ ನಗು.

ಒಂದು ರಾತ್ರಿ ನನಗೆ ತೋರಿಸಲೆಂದೇ ಗುಂಡಿ ತೋಡಿದ.
ಸಲಿಕೆಯಿಂದ ನೆಟ್ಟಗೆ ಕಡಿದ ಗೋಡೆ,
ನಮ್ಮ ಪತ್ರೊಡೆ ಕೊಯ್ದ ಹಾಗೆ ಪದರ ಪದರ:
ಇದು ನಿನ್ನೆಯದು, ಅಕ್ಕಿಹಿಟ್ಟು.
ಇದು ಕಂಪ್ರೆಸರ್ ಕೆಟ್ಟ ದಿನದ್ದು, ಗಾಜು.
ಇದರಲ್ಲಿ ಯಾರದೋ ಮಾವಿನ ಜ್ಯೂಸು.
‘ಬೆಟ್ಟದಲ್ಲಿ ತಳದಲ್ಲಿ ಇನ್ನೊಂದು ಇರುತ್ತೆ’ ಅಂದ,
‘ಒಂದಕ್ಕೊಂದು ಅಂಟದ ಕಾಳು ಕಾಳು.’
ಚಿರೋಟಿ ರವೆ? ಅಂದೆ.
ರವೆ ಅವನಿಗೆ ಗೊತ್ತಿತ್ತು, ತಲೆಯಾಡಿಸಿದ.
ಆಮೇಲೆ ಸಲಿಕೆ ಮೇಲಿಟ್ಟು ತಟ್ಟಿದ:
ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು,
ಭುಜದಿಂದ ಹತ್ತು.
ಏನೂ ಜಾರಲಿಲ್ಲ. ಜಾರುವುದೂ ಇಲ್ಲ.
ಅವನ ಮುಖದಲ್ಲಿ ಸಮಾಧಾನವೋ ಬೇಸರವೋ
ನನಗೆ ತಿಳಿಯಲಿಲ್ಲ.

ಆ ವಾರವೇ ಅವನ ಚಿಕ್ಕಪ್ಪನ ಮಗ ತಸ್ಲೀಮ್ ವಿಡಿಯೋ ಕಳಿಸಿದ.
ಮೂರು ದಿನ ಮೂರು ರಾತ್ರಿ ಸುರಿದು ನಿಂತ ಬೆಳಿಗ್ಗೆ,
ಆಕಾಶ ಈಗಷ್ಟೇ ಒಗೆದು ಹಿಂಡಿದ್ದು.
ಸೊಂಟದ ತನಕ ಪುಡಿಹಿಮ, ಅದರಲ್ಲಿ ಹೊರದೇಶದ ಗಿರಾಕಿಗಳು
ತೇಲಿ ತೇಲಿ ಕೇಕೆ ಹಾಕುತ್ತಿದ್ದರು.
ನೋಡಿದರೆ ನನಗೂ ಹಾರಿಬಿಡೋಣ ಅನ್ನಿಸಿತು.
ನಜೀರ್ ಮಾತ್ರ ಬೆರಳಿಂದ ಪರದೆ ಹಿಗ್ಗಿಸಿ
ಮೇಲಿನ ಅಂಚನ್ನೇ ನೋಡಿದ, ಗಾಳಿ ಪೇರಿಸಿಟ್ಟ ಹೊರಚಾಚು.
‘ಮೇಲೆ ಹೋಗಬೇಡ. ಯಾರನ್ನೂ ಒಯ್ಯಬೇಡ’ ಎಂದು ಬರೆದ.
ಒಂದೇ ಗೀಟು ಬಿತ್ತು. ಎರಡನೆಯದು ಬೀಳಲಿಲ್ಲ.

ಎರಡು ದಿನ ಬಿದ್ದ ಮಕ್ಕಳನ್ನು ಎತ್ತಿದ.
ಹಲಗೆಯ ಮೇಲೆ ‘ಅಪಾಯ: ನಾಲ್ಕು’ ಎಂದು ಬರೆದ.
ರೊವೆನಾ ಗ್ರಾಹಕರು ಹೆದರುತ್ತಾರೆಂದು ಒರೆಸಿದಳು.
ಗ್ರಾಹಕರು ಆ ಕೋಣೆಗೆ ಬರುವುದೇ ಇಲ್ಲ.

ಮೂರನೆಯ ದಿನ ಸಂಜೆ ಫೋನು ಮಿಣುಕಿತು.
ನನಗೆ ಓದಲು ಬಾರದ ಲಿಪಿ, ಅವನೇ ಹೇಳಿದ:
‘ನಾನು ಹೋಗಲಿಲ್ಲ. ಅವರು ಹೋದರು.’
ಅಷ್ಟೇ.
ನಾನು ಕೌಂಟರಿನ ಮೇಲೆ ಅವನಿಗೊಂದು ಚಹ ಇಟ್ಟೆ.
ಅದು ಆರಿತು. ಇಲ್ಲಿ ಎಲ್ಲವೂ ಬೇಗ ಆರುತ್ತದೆ.

ರಜೆಯ ದಿನ ಐವರು ಸೇರಿ ಲಿವಾ ಕಡೆ ಹೋಗಿದ್ದೆವು,
ಬಿರಿಯಾನಿ ಪಾತ್ರೆ, ಚಾಪೆ, ಒಂದು ಹಾಳು ಸ್ಪೀಕರು.
ಮರಳ ದಿಬ್ಬ ನೆತ್ತಿಯಿಂದ ಬುಡದವರೆಗೆ
ಯಾರೂ ಮುಟ್ಟದ ಇಳಿಜಾರು.
ನಜೀರ್ ಕೈ ಅಡ್ಡ ಹಿಡಿದು ಎಲ್ಲರನ್ನೂ ತಡೆದ.
ಹಸ್ತ ಓರೆ ಮಾಡಿ ಅಳೆದ: ‘ಮೂವತ್ತನಾಲ್ಕು ಡಿಗ್ರಿ.’
‘ಇದು ಮರಳು ಮಾರಾಯ’ ಅಂದೆ ಕನ್ನಡದಲ್ಲೇ.
‘ಒಬ್ಬೊಬ್ಬರಾಗಿ’ ಅಂದ. ‘ಒಬ್ಬರು ದಾಟುವ ತನಕ
ಉಳಿದವರ ಕಣ್ಣು ಅವರ ಮೇಲೆಯೇ ಇರಲಿ.’

ನಾವು ನಗುತ್ತಲೇ ಪಾಲಿಸಿದೆವು.
ನನ್ನ ಸರದಿ ಬಂದಾಗ, ನಡುವೆಲ್ಲೋ,
ಕಾಲಡಿಯ ಮರಳು ಹಾಳೆಯಂತೆ ಬಿರಿದು ಜಾರಿ
ದಿಬ್ಬವೇ ಹೊಟ್ಟೆಯೊಳಗಿಂದ ಗುಂಯ್ ಅಂತು.
ಮೊಣಕಾಲ ತನಕ ಅಷ್ಟೇ ಹೂತಿದ್ದೆ.
ತಿರುಗಿ ನೋಡಿದರೆ ನಗು ನಿಂತಿತ್ತು,
ನಾಲ್ಕು ಜೋಡಿ ಕಣ್ಣು ನನ್ನನ್ನು ಕಚ್ಚಿ ಹಿಡಿದಿದ್ದವು,
ಅವನ ತುಟಿ ಏನನ್ನೋ ಎಣಿಸುತ್ತಿತ್ತು.