ಮೆಟ್ಟಿಲ ಕೆಳಗಿನ ಸರ್ವರ್

ಡಂಡೀಯ ಜನವರಿಯಲ್ಲಿ ಹಿಟ್ಟಿಗೆ ಹುದುಗು ಬರುವುದಿಲ್ಲ.
ಅದಕ್ಕೇ ಮೆಟ್ಟಿಲ ಕೆಳಗಿನ ಗೂಡಿನಲ್ಲಿ
ಹಗಲಿರುಳು ಗೊರಗುಟ್ಟುವ ಹಳೇ ಸರ್ವರಿನ ಬೆನ್ನ ಮೇಲೆ
ದೋಸೆಹಿಟ್ಟಿನ ಪಾತ್ರೆ.
ಮುಚ್ಚಳಕ್ಕೊಂದು ಸೆನ್ಸರ್ ಅಂಟಿಸಿದ್ದೇನೆ;
ಅದಕ್ಕೊಂದು ಪುಟ, ಪುಟಕ್ಕೊಂದೇ ಸಾಲು:
'ಇನ್ನೂ ಇಲ್ಲ', ಇಲ್ಲವೇ 'ಉಬ್ಬಿದೆ'.

"ಇದಕ್ಕೂ ಒಂದು ವೆಬ್‌ಸೈಟೇ?" ಅಂದಳು ಮೇದಿನಿ,
ಬೆರಳಿಗಂಟಿದ ಹಿಟ್ಟು ತೊಳೆಯುತ್ತ.
ಇರಲಿ ಬಿಡು. ಇದಕ್ಕಿಂತ ಹುಚ್ಚುಗಳಿವೆ:
ಒಬ್ಬ ತನ್ನ ಬೀದಿಯ ಕೊಚ್ಚೆಗುಂಡಿಯ ಆಳವನ್ನು
ಹನ್ನೊಂದು ವರ್ಷದಿಂದ ದಿನಾ ಬರೆದಿಡುತ್ತಾನೆ.
ಇನ್ನೊಬ್ಬಳ ಬಳಿ, ದಾರಿಯಲ್ಲಿ ಬಿದ್ದ
ಒಂಟಿ ಕೈಗವಸುಗಳ ಚಿತ್ರ, ನಾಲ್ಕು ಸಾವಿರ;
ಎಡಗೈಯವೇ ಹೆಚ್ಚಂತೆ.
ರಾತ್ರಿ ಅವರನ್ನೆಲ್ಲ ನೋಡಿಬರುತ್ತೇನೆ,
ನೆಂಟರ ಮನೆಗೆ ಇಣುಕಿದ ಹಾಗೆ.

ಆಫೀಸಿನಲ್ಲಿ ನನಗೂ ಒಂದು ಗುಂಡಿಯಿದೆ, ಒತ್ತುವ ಗುಂಡಿ.
ಯಾವುದೋ ಒಂದು ಜಾತಿಯ ಫೋನಿನಲ್ಲಿ ಮಾತ್ರ
ಎಳ್ಳಷ್ಟು ಎಡಕ್ಕೆ ಸರಿಯುತ್ತದೆ.
ಮೂರು ವಾರವಾಯಿತು.
ಯಾರೂ ಗಮನಿಸಿಲ್ಲ, ನಾನು ಬಿಟ್ಟಿಲ್ಲ.

ಮೊನ್ನೆ ಬಿರುಗಾಳಿಗೆ ಕರೆಂಟು ಹೋಯಿತು.
ಸರ್ವರ್ ತಣ್ಣಗಾಯಿತು, ಹಿಟ್ಟು ಮಿಸುಕಲಿಲ್ಲ.
ಇಬ್ಬನಿ ಟಾರ್ಚು ಹಿಡಿದು ಗೋಡೆಯ ಮೇಲೆ
ಮೊಲ ಕುಣಿಸಿದಳು, ಆಮೇಲೆ ನರಿ, ಆಮೇಲೆ
ಏನೆಂದು ಅವಳಿಗೇ ತಿಳಿಯದ ಪ್ರಾಣಿ.
ಬ್ರೆಡ್ಡು ತಿಂದು ಮಲಗಿದೆವು.

ಬೆಳಗ್ಗೆ ಒಂದು ಪತ್ರ,
ಎಸ್ಟೋನಿಯಾದ ಯಾರೋ ಮಾರಿಕಾ:
'ಪುಟ ತೆರೆಯುತ್ತಿಲ್ಲ. ಮನೆಯಲ್ಲಿ ಎಲ್ಲ ಕ್ಷೇಮವೇ?'
ದೋಸೆ ಗೊತ್ತಿಲ್ಲ ಆಕೆಗೆ, ಕನ್ನಡವೂ.
ಉದ್ದನೆಯ ಅಕ್ಷರಗಳು ಹೋಗಿ ಗಿಡ್ಡನೆಯವು ಬರುವುದನ್ನು
ದಿನಾ ಕಾಫಿಗೆ ಮುಂಚೆ ನೋಡುತ್ತಾಳಂತೆ, ಅಷ್ಟೇ.

ಮೇದಿನಿ ಓದಿದಳು, ಏನೂ ಅನ್ನಲಿಲ್ಲ.
ಉದ್ದು ನೆನೆಹಾಕಿದಳು,
ಒಂದು ಹಿಡಿ ಹೆಚ್ಚಿಗೆ.