ಗಾಳಿಚೀಲ

ದಿನಕ್ಕೊಂದೇ ವಿಮಾನ. ಹನ್ನೊಂದು ಇಪ್ಪತ್ತಕ್ಕೆ ಇಳಿದು
ಐದೂವರೆಗೆ ಏಳುತ್ತದೆ.
ನಡುವಿನ ಹೊತ್ತಿಗೆ ನಾನು, ಎರಡು ನಾಯಿ, ಒಂದು ತಕ್ಕಡಿ,
ನಾಣ್ಯ ನುಂಗಿ ಸುಮ್ಮನಾಗುವ ಕಾಫಿ ಯಂತ್ರ.

ಚಳ್ಳಕೆರೆ ದಾಟಿ, ಬಳ್ಳಾರಿ ಜಾಲಿ ದಾಟಿ,
ನೆರಳಿಗೂ ಮೈಲಿ ನಡೆಯಬೇಕಾದ ಬಂಡೆಹಟ್ಟಿಯ ಬಯಲಲ್ಲಿ
ಇಷ್ಟುದ್ದ ಡಾಂಬರು ಯಾಕೆ ಅಂದರೆ
ಹನ್ನೊಂದು ಕಿಲೋಮೀಟರಿನಾಚೆ ಅದೊಂದಿದೆ:
ಮೊಣಕಾಲೆತ್ತರದ ಕಲ್ಲ ಮೇಲೆ
ಮನೆಯಗಲದ ಕಲ್ಲು, ಬಾಗಿ, ಬೀಳದೆ.
ಕಾಗದದಲ್ಲಿ ಅದರ ಹೆಸರು ತೂಗುಬಂಡೆ.
ಹಟ್ಟಿಯವರು ಹೆಸರಿಡುವ ಗೋಜಿಗೆ ಹೋಗಿಲ್ಲ.
"ಅದರ ನೆರಳು ಹಳ್ಳ ಮುಟ್ಟಿತು" ಅಂದರೆ
ಕುರಿ ತಿರುಗಿಸುವ ಹೊತ್ತು, ಅಷ್ಟೆ.

ಬಂದವರ ಕೈಯಲ್ಲೆಲ್ಲ ಒಂದೇ ಚಿತ್ರ:
ಮುಳುಗುವ ಬಿಸಿಲಲ್ಲಿ ಬಂಡೆ ಕುಲುಮೆಯ ಕಬ್ಬಿಣ.
ನಮ್ಮ ರನ್‌ವೇಗೆ ದೀಪವಿಲ್ಲ.
ಬಂಡೆ ಕೆಂಪಾಗುವ ಹೊತ್ತಿಗೆ
ಟಿಕೆಟ್ಟಿಗೆ ದುಡ್ಡು ತೆತ್ತವರೆಲ್ಲ ಮೋಡದಾಚೆ.
ನೋಡುವವರು ಕುರಿ, ನಾನು,
ಮತ್ತು ಹಕ್ಕಿ ಓಡಿಸುವ ಬೋರಮ್ಮ.

ಈ ಆಷಾಢದಲ್ಲಿ ಗಾಳಿಚೀಲ ಹರಿಯಿತು.
ಕಂಬದ ತುದಿಯಲ್ಲಿ ಕಿತ್ತಳೆ ಬಣ್ಣದ ನಾಲ್ಕು ಚಿಂದಿ
ನಾಲ್ಕು ದಿಕ್ಕಿಗೂ ಸಾಕ್ಷಿ ಹೇಳತೊಡಗಿದವು.
ಹೊಸದಕ್ಕೆ ಬರೆದೆ, ಮೂರು ಪ್ರತಿ. ಉತ್ತರ ಬಂತು:
ಹಳೆಯದನ್ನು ಮೊದಲು ಹಿಂದಿರುಗಿಸಿ.
ಗಾಳಿ ಅಳೆಯುವ ಯಂತ್ರದೊಳಗೆ ಕಣಜ ಗೂಡು ಕಟ್ಟಿ
ಮುಳ್ಳು ಸೊನ್ನೆಯಲ್ಲಿ ನಿಂತು ಎರಡು ತಿಂಗಳಾಗಿತ್ತು.

ಕಂಬಳಿ ನೇಯುವ ರೇವಣ್ಣ ಒಂದು ಹೊಲಿದುಕೊಟ್ಟ.
ಕರಿ ಉಣ್ಣೆ, ಕೆಂಪು ಅಂಚು, ಹುಣಸೆಬೀಜದ ಗಂಜಿ.
ಏರಿಸಿದೆವು. ಏಳಲಿಲ್ಲ.
ಭರ್ರೋ ಅನ್ನುವ ಗಾಳಿಗೂ ಅರೆಮನಸ್ಸಿನಿಂದ ಅಲುಗಿ
ಮತ್ತೆ ಜೋತುಬಿತ್ತು,
ಮದುವೆಮನೆಯ ಕಂಬಕ್ಕೊರಗಿ ನಿದ್ದೆಹೋದ ಸೋದರಮಾವನ ಹಾಗೆ.
ರೇವಣ್ಣ ಕತ್ತೆತ್ತಿ ನೋಡಿ ಹೇಳಿದ:
"ಗಾಳಿ ತಡಿಯಾಕೆ ನೇಯೋರು ಸ್ವಾಮಿ ನಾವು, ತೋರ್ಸಾಕಲ್ಲ."

ಅವತ್ತು ರೇಡಿಯೊದಲ್ಲಿ ಪೈಲಟ್ಟನ ದನಿ.
ಗಾಳಿ ಎತ್ತ? ಎಷ್ಟು?
ನನ್ನ ಬಾಯಿ ಒಣಗಿತು.
ಬೋರಮ್ಮ ಪೊರಕೆ ಗೋಡೆಗಾನಿಸಿ
ತಕ್ಕಡಿ ಪಕ್ಕದ ಸ್ಟೂಲು ಹೊತ್ತು ಹೊರಗೆ ನಡೆದಳು.
ಹತ್ತಿದಳು, ಮೊಣಕಾಲೆರಡಕ್ಕೂ ಹೆಸರು ಹಿಡಿದು ಬಯ್ಯುತ್ತ.
ಕೋಳಿಗೆಂದು ಮಡಿಲಲ್ಲಿ ಕಟ್ಟಿಕೊಂಡಿದ್ದ
ಹೊಟ್ಟು-ನವಣೆ ಒಂದು ಹಿಡಿ ತೆಗೆದು
ತಲೆಗಿಂತ ಮೇಲೆ ಹಿಡಿದು
ಬೆರಳು ಸಡಿಲಿಸಿದಳು.

"ಪಡುವಲಿಂದ ಐತೆ, ಒಂಚೂರು ತೆಂಕಲಿಗೆ ವಾಲೈತೆ.
ರಾಗಿಹೊಟ್ಟು ಎರಡು ಮಾರು ಹೋಗ್ತೈತೆ,
ನವಣೆ ಕಾಲಬುಡಕ್ಕೇ ಬೀಳ್ತೈತೆ.
ಹಿಂಗೇ ಇರ್ತೈತೆ, ಎಲೆಅಡಿಕೆ ಹಾಕ್ಕಂಡು ಉಗಿಯೋವರ್ಗೂ.
ಬರಾಕೇಳು."

ಮಾರನ್ನು ನಾಟಿಗೆ ಇಳಿಸುವ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.
ದೇವರ ಮೇಲೆ ಭಾರ ಹಾಕಿ ಹನ್ನೆರಡು ಅಂದೆ.
ಚಕ್ರ ನೆಲ ಮುಟ್ಟಿದ್ದು ಗೊತ್ತಾಗಲಿಲ್ಲ.
ಒಳಗೊಂದು ಕೂಸು ನಿದ್ದೆಯಲ್ಲೇ ಇತ್ತಂತೆ.

ಹೆಂಗೆ ಗೊತ್ತು ಬೋರಮ್ಮ, ಅಂದರೆ
ಬಿಳಿಗೆರೆ ಮುಗಿಯುವಲ್ಲಿ, ಡಾಂಬರಿನ ಮೇಲೆ
ಹೆಬ್ಬೆರಳಿಂದ ಗೀರಿ ತೋರಿಸಿದಳು.
"ಇಲ್ಲೇ ಕಣಪ್ಪ ನಮ್ಮ ಕಣ ಇದ್ದದ್ದು. ಮೇಟಿ ಇಲ್ಲಿ.
ಇಂಜಿನೀರುಗಳು ವರ್ಷೊಪ್ಪತ್ತು ಗಾಳಿ ಅಳೆದು
ಇದೇ ಜಾಗ ಸರಿ ಅಂದ್ರು.
ನಮ್ಮತ್ತೆ ಹಿಡಿ ಮಣ್ಣು ತೂರಿ ಅಂದಿದ್ಲು."
ಆಮೇಲೆ, ಪೊರಕೆಯ ಕಡ್ಡಿ ಸರಿಮಾಡುತ್ತ,
"ಗಾಳಿ ಬಂದಾಗ ತೂರ್ಕೋ ಅಂತ ಎಲ್ರೂ ಹೇಳ್ತಾರೆ.
ಬರ್ದೇ ಇದ್ದಾಗ ರಾತ್ರಿಯೆಲ್ಲ ಕಣದಾಗೆ ಕುಂತೋರ್ದು
ಗಾದೆ ಇಲ್ಲ."

ಕಾರ್ತೀಕಕ್ಕೆ ಹೊಸ ಚೀಲ ಬಂತು.
ಗರಿಗರಿ ಕಿತ್ತಳೆ, ಸಣ್ಣ ಉಸಿರಿಗೂ ನೆಟ್ಟಗೆ.
ಕಂಬಳಿಯದು ಈಗ ನಾಯಿಗಳ ಹಾಸಿಗೆ.
ಆದರೂ ಹನ್ನೊಂದು ಕಾಲಿಗೆ
ಬೋರಮ್ಮ ಹೊರಗೆ ಹೋಗುತ್ತಾಳೆ, ಮಡಿಲು ಬಿಚ್ಚುತ್ತಾಳೆ.
ಬಿದ್ದ ಕಾಳಿಗೆ ಎಲ್ಲಿಂದಲೋ
ಗುಬ್ಬಿ, ಬೆಳವ, ಗೌಜಲಕ್ಕಿ
ರನ್‌ವೇ ಮೇಲೆ ಬಂದಿಳಿಯುತ್ತವೆ.
ಆಗ ಅವಳೇ ಪೊರಕೆ ಎತ್ತಿ
ಹೋ ಹೋ ಎಂದು ಓಡಿಸುತ್ತಾಳೆ. ಸಂಬಳದ ಕೆಲಸ.
ನಾನು ದಿನಚರಿಯಲ್ಲಿ ಬರೆಯುತ್ತೇನೆ:
ಹಕ್ಕಿ, ಇಲ್ಲ. ಗಾಳಿ, ಮೂಡಲಿಂದ.