ಹನ್ನೊಂದನೇ ಕಾಲಂ

ಹನ್ನೊಂದರಲ್ಲಿ 'ಕಾರಣ' ಅಂತಿದೆ.
ಎರಡು ಬೆರಳಗಲ ಜಾಗ.
ಹತ್ತರವರೆಗೆ ಬರೆದಾಯಿತು:
ಮರುಳಸಿದ್ಧ, ಇಪ್ಪತ್ತೆಂಟು ವರ್ಷ, ಅರಸೀಕೆರೆ,
ತಂದೆ ಕೊಬ್ಬರಿ ಮಂಡಿಯಲ್ಲಿ ತಕ್ಕಡಿ ಕೆಲಸ.
ಕಣ್ಣು: ಬೆಳಕಿನ ಸುಳಿವಷ್ಟೇ. ಕಿವಿ: ಇಲ್ಲ.

ದಾಕ್ಷಾಯಣಕ್ಕ ಮೊರದ ತುಂಬ ಅವರೆ ಬಿಡಿಸುತ್ತಾ
ಕಾರಣಗಳನ್ನೂ ಹುಳುಕಿನ ಹಾಗೆ
ಒಂದೊಂದೇ ಆರಿಸಿ ಪಕ್ಕಕ್ಕಿಡುತ್ತಾಳೆ.
ಗ್ರಹಣದ ಹೊತ್ತು ಈಳಿಗೆಮಣೆ ಮುಟ್ಟಿದೆ ಅಂದರು ಅತ್ತೆ.
ಗಂಡ ಸೋದರಮಾವನಾ ಅಂದರು ಹಾಸನದ ಡಾಕ್ಟರು,
ರಕ್ತ ನೋಡಿ ಅದಲ್ಲ ಬಿಡಿ ಅಂದರು.
ತಿಂಗಳು ತುಂಬದೆ ಹುಟ್ಟಿತಾ, ಮಿದುಳುಜ್ವರ ಬಂದಿತ್ತಾ,
ಇಲ್ಲ, ಅದೂ ಇಲ್ಲ.
ಬಸುರಿಯಲ್ಲಿ ಮೈಮೇಲೆ ಏನಾದರೂ ಎದ್ದಿತ್ತಾ?
"ಎದ್ದಿತ್ತು ಕಣೇ ಮಂಗಳಾ. ಮೂರನೇ ತಿಂಗಳಲ್ಲಿ,
ಬೆವರುಸಾಲೆ ಥರ. ಮೂರೇ ದಿನ.
ನಾಲ್ಕನೇ ದಿನ ತಲೆಗೆ ನೀರು ಹಾಕ್ಕೊಂಡು
ಕೊಬ್ಬರಿ ಹೋಳು ಮಾಡೋಕೆ ಕೂತಿದ್ದೆ."

ಆ ವರ್ಷ ನನಗೆ ಏಳು.
ಅವ್ವ ಕಡೂರಿಗೆ ಹೋಗಿದ್ದಳು.
ಜ್ವರ ಬಂದು ಮೈ ಕೆಂಪಗಾಗಿ
ಪಕ್ಕದ ಮನೆ ಹೊಸ ಬಸುರಿಯ ಮಡಿಲಲ್ಲಿ
ಎರಡು ರಾತ್ರಿ ಮಲಗಿದ್ದೆ,
ಅವಳ ಸೆರಗಿನ ತುದಿ ಬಾಯಲ್ಲಿಟ್ಟುಕೊಂಡು.

ಈಗ ನಾನು ಆಶಾ.
ನರ್ಸಮ್ಮನ ಹಿಂದೆ ಲಸಿಕೆ ಡಬ್ಬಿ ಹಿಡಿದು
ದಡಾರ, ರುಬೆಲ್ಲಾ ಅಂತ ಓಣಿ ಓಣಿ ಕೂಗುತ್ತೇನೆ.
ಆಗ ಆ ಹೆಸರೇ ಈ ಓಣಿಗೆ ಬಂದಿರಲಿಲ್ಲ.
ಶಾಲೆಯಲ್ಲಿ ಅರ್ಧ ಮಕ್ಕಳ ಮೈ ಕೆಂಪಗಿತ್ತು,
ಯಾರದ್ದು ಯಾರಿಗೆ ಅಂಟಿತೋ.
ಯಾರದ್ದು ಯಾರಿಗೋ
ಅಂತ ಎಷ್ಟು ಸಲ ಹೇಳಿಕೊಳ್ಳಲಿ.

"ನಿನಗೂ ಆಗ ಎದ್ದಿತ್ತಲ್ಲ," ಅಂದಳು ಅಕ್ಕ,
ತಲೆ ಎತ್ತದೆ. "ಗಂಜಿ ಕುಡಿಸಿದರೆ ಉಗುಳ್ತಿದ್ದೆ."
ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ.
ಎಷ್ಟು ವರ್ಷದಿಂದ ಗೊತ್ತು ಅಂತ
ನಾನು ಕೇಳಲಿಲ್ಲ.

ಹೊಸ್ತಿಲ ಹತ್ತಿರ ಅವನು ಕೈ ಎತ್ತಿದ.
ರೈಲು.
ನನ್ನ ಕಿವಿಗೆ ಇನ್ನೂ ಏನೂ ಇಲ್ಲ,
ಅವನ ಅಂಗಾಲಿಗೆ ಬೀರೂರಿನ ಕಡೆಯ ಗೂಡ್ಸು
ಆಗಲೇ ತಲುಪಿದೆ. ಒಂದು ನಿಮಿಷಕ್ಕೆ
ಗೂಡಿನ ಲೋಟಗಳು ಕಿಣಿಕಿಣಿ ಅಂದವು.

ಬಂದವನು ಬಳೆ ತಡವಿ ನನ್ನ ಕೈ ಹುಡುಕಿದ,
ಅಂಗೈ ಬಿಡಿಸಿ ಒಮ್ಮೆ ಉಫ್ ಅಂತ ಊದಿದ.
ಅವನು ನನಗಿಟ್ಟ ಹೆಸರು ಅದು:
ಐಸಿನ ಡಬ್ಬಿಯಿಂದ ಬಂದ
ತಣ್ಣನೆ ಕೈಯವಳು.

ಹನ್ನೊಂದರಲ್ಲಿ ರುಬೆಲ್ಲಾ ಅಂತ ಬರೆದೆ.
ಹನ್ನೆರಡು: ಮಾಹಿತಿ ಕೊಟ್ಟವರ ಹೆಸರು.
ದಾಕ್ಷಾಯಣಮ್ಮ ಅಂತ ಬರೆದು, ಅಲ್ಪವಿರಾಮ ಹಾಕಿ,
ಪೆನ್ನು ಎತ್ತದೆ ಕೂತಿದ್ದೇನೆ.